ಬಿಪಿ ಡಾಕ್ಟರು ಮತ್ತು ನಿಧಾನದ ತಲೆಗಳು

ತೋಳಿಗೆ ಬಿಪಿ ಪಟ್ಟಿ ಸುತ್ತಿದರೆ ಸಾಕು, ವಯಸ್ಸಾದವರ ಬಾಯಿಂದ ಏನಾದರೊಂದು ಮಾತು ಬಂದೇ ಬರುತ್ತಿತ್ತು. ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿ ಗಾಂಧಿನಗರದ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಮುಪ್ಪಿನಲ್ಲಿ ಬಿಪಿ, ಮರೆವು ಎಲ್ಲ ಸಹಜ ಅಂತ ಜನ ಸುಮ್ಮನಿದ್ದ ಕಾಲ ಅದು. ನಮ್ಮ ಡಾಕ್ಟರು ಮಾತ್ರ ಸುಮ್ಮನಿರುತ್ತಿರಲಿಲ್ಲ.

ಉಪ್ಪಿನಕಾಯಿ

ಕುರುಗೋಡಿನ ಅಜ್ಜಿಯೊಬ್ಬಳಿಗೆ ಡಾಕ್ಟರು ಉಪ್ಪಿನಕಾಯಿ ಬಿಡಲು ಹೇಳಿದರು. ಮುಂದಿನ ಸಲ ನೋಡಿದರೆ ಬಿಪಿ ಇಳಿದೇ ಇಲ್ಲ.

"ಉಪ್ಪಿನಕಾಯಿ ಬಿಟ್ಟೀರೇನ್ರೀ?"

"ನಿಮ್ಮ ಮಾತು ಮೀರತೀನೇನ್ರೀ? ಅವತ್ತೇ ಬಿಟ್ಟೆ."

ಜೊತೆಗಿದ್ದ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಅಜ್ಜಿಯನ್ನೇ ನೋಡಿದರು.

"ಹೋಳು ಮುಟ್ಟಂಗಿಲ್ರೀ," ಎಂದಳು ಅಜ್ಜಿ. "ರಸ ಅಷ್ಟೇ."

ಕಾಲುವೆ

ಸಿರುಗುಪ್ಪದ ಭತ್ತದ ರೈತನೊಬ್ಬ, ನೋವೇ ಇಲ್ಲ, ಬಿಪಿ ಗುಳಿಗೆ ಯಾಕ ಅಂದ.

"ನಿಮ್ಮ ಕಾಲುವಿಗೆ ವಿಪರೀತ ನೀರು ಬಿಟ್ರ ಏನಾಗ್ತೈತಿ?" ಡಾಕ್ಟರು ಕೇಳಿದರು.

"ಸಣ್ಣ ತೂಬು ಒಡೀತಾವ. ಕಡೀ ಹೊಲಕ್ಕ ನೀರು ಮುಟ್ಟಂಗಿಲ್ಲ."

"ಮಿದುಳಿನ್ಯಾಗ ಬಿಳಿ ಭಾಗ ಐತಿ, ಸುದ್ದಿ ಒಯ್ಯೋ ತಂತಿ ಇದ್ದಂಗ. ಬಿಪಿ ಏರಿದ್ರ ಅದಕ್ಕ ರಕ್ತ ಕೊಡೋ ಸಣ್ಣ ನಾಳ ಕೆಡತಾವ. ವಿಚಾರ ನಿಧಾನ ಆಗ್ತೈತಿ."

ರೈತ ಅಲ್ಲೇ ಗುಳಿಗೆ ನುಂಗಿದ. "ಹಂಗಾರ ನಮ್ಮ ಕಾಲುವಿ ಇಂಜಿನಿಯರಂದೂ ಬಿಪಿ ನೋಡ್ರಿ. ಅರ್ಜಿ ಕೊಟ್ಟು ವರ್ಷಾತು, ಇನ್ನೂ ವಿಚಾರ ಮಾಡಾಕ ಹತ್ಯಾರ."

ಯಾವ ವಾರ

ಅದೇ ರೈತ ಮುಂದೆ ತನ್ನ ತಂದೆಯನ್ನು ಕರೆತಂದ. "ತಲಿ ಪೂರ್ತಿ ಹೋಗೈತ್ರೀ. ಮನ್ಯಾಗ ಈಗ ಯಾರೂ ಇವರನ್ನ ಏನೂ ಕೇಳಂಗಿಲ್ಲ."

ಮುದುಕರು ನೆಲ ನೋಡುತ್ತ ಕೂತಿದ್ದರು. ಬಿಪಿ ಬಹಳ ಏರಿತ್ತು.

"ಯಜಮಾನ್ರ, ಇವತ್ತು ಯಾವ ವಾರ?" ಡಾಕ್ಟರು ಕೇಳಿದರು. ತಾನೇ ಹೇಳಲು ಮಗ ಬಾಯಿ ತೆರೆದ. ಡಾಕ್ಟರು ಕೈಯೆತ್ತಿ ತಡೆದರು.

"ತಲಿ ಹೋಗಿಲ್ಲ, ನಿಧಾನ ಆಗಿರಬೌದು. ಕಾಯ್ರಿ."

ದಿಟ್ಟಿಸಿ ನೋಡಿದರೆ ಮುದುಕರಿಗೆ ಅವಸರವಾದೀತೆಂದು ಡಾಕ್ಟರು ತಾವೇ ಕಣ್ಣು ಮುಚ್ಚಿ ಕೂತರು. ಹೊರಗೆ ರೋಗಿಗಳು ಕೆಮ್ಮುತ್ತಿದ್ದರು, ನಾನು ಬಾಗಿಲು ನೋಡುತ್ತಿದ್ದೆ, ಡಾಕ್ಟರು ಅಲುಗಲಿಲ್ಲ. ವಯಸ್ಸಾದವರಿಗೆ ಅಷ್ಟು ಮರ್ಯಾದೆ ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ.

"ಗುರುವಾರ," ಎಂದರು ಮುದುಕರು ಕೊನೆಗೆ. ಸರಿಯಾಗಿತ್ತು. ಮಗನ ಕಣ್ಣು ತುಂಬಿತು.

ಆಮೇಲೆ ಗುಳಿಗೆಯಿಂದ ಬಿಪಿ ಹಿಡಿತಕ್ಕೆ ಬಂತು. ಮನೆಯವರೂ ಮತ್ತೆ ಅವರ ಮಾತು ಕೇಳತೊಡಗಿದರು. ನನಗೆ ಇಂದಿಗೂ ನಗು ತರಿಸುವುದು ಮಾತ್ರ ಆ ಗುರುವಾರದ ಮಾತು. ಉತ್ತರ ಬಂದ ಮೇಲೂ ಡಾಕ್ಟರು ಇನ್ನೂ ಕಣ್ಣು ತೆರೆದಿರಲಿಲ್ಲ. ಮುದುಕರು ಅವರನ್ನು ಕರುಣೆಯಿಂದ ನೋಡಿ, ಮಗನ ಕಿವಿಯಲ್ಲಿ ಮೆಲ್ಲಗೆ ಹೇಳಿದರು:

"ಪಾಪ, ಡಾಕ್ಟ್ರದೂ ತಲಿ ನಿಧಾನ ಆಗೈತಿ. ಅವಸರ ಮಾಡಬ್ಯಾಡ ಲೇ, ಕಾಯೋಣು."