ಹೋಗಿ ತೋರಿಸತಕ್ಕದ್ದು

ಫ್ರೆಂಚ್ ಮಾತಾಡುವ ಊರಿಗೆ ಹೋಗುವವರು ಆ ಭಾಷೆಯ ‘ಹೋಗು’ ಎಂಬ ಕ್ರಿಯಾಪದದ ಆರೂ ರೂಪಗಳನ್ನು ಪರವಾನಗಿ ಕಚೇರಿಯಲ್ಲಿ ಹೇಳತಕ್ಕದ್ದು. ಹೇಳಿದಂತೆ ಹೋಗಿಯೂ ತೋರಿಸತಕ್ಕದ್ದು. ಇದು ನಿಯಮ. ನಿಯಮಕ್ಕೆ ಯಾಕೆ ಏನು ಅಂತ ಕೇಳುವವರು ಯಾವ ಮನೆಯಲ್ಲೂ ಉದ್ಧಾರವಾದದ್ದಿಲ್ಲ.

ದರ್ಜಿ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದ ಅಜ್ಜಿಯ, ಅಂದರೆ ಊರವರ ಬಾಯಲ್ಲಿ ಗುಂಡಿ ಅಜ್ಜಿಯ, ಮಗಳು ಅಲ್ಲಿ ಹೆಣ್ಣು ಹೆತ್ತಿದ್ದಳು. ಮೊಮ್ಮಗಳನ್ನು ಒಮ್ಮೆ ಮಡಿಲಲ್ಲಿ ಹಾಕಿಕೊಳ್ಳಬೇಕು, ಅಷ್ಟೇ ಆಸೆ. ಆ ಕ್ರಿಯಾಪದದ ರೂಪಗಳೋ, ಒಂದೇ ತಾಯಿ ಹೆತ್ತ ಮಕ್ಕಳ ಹಾಗಿರಲಿಲ್ಲ. ನಾನು ಹೋದರೆ ‘ವೇ’, ನೀನು ಹೋದರೆ ‘ವಾ’, ನಾವು ಹೋದರೆ ಇದ್ದಕ್ಕಿದ್ದ ಹಾಗೆ ‘ಆಲೋಂ’. ಅಜ್ಜಿ ಬಟ್ಟೆಪಟ್ಟಿಗೆ ರೂಪಕ್ಕೊಂದರಂತೆ ಆರು ಅಳತೆಯ ಗುಂಡಿ ಹೊಲಿದು, ತಡವಿ ತಡವಿ ಬಾಯಿಪಾಠ ಮಾಡಿದರು.

“ಸಾ ವಾ?” ಎಂದರು ಪರವಾನಗಿ ಕಚೇರಿಯ ಸಾಹೇಬರು. ಹೇಗಿದ್ದೀರಿ ಅಂತ ಕೇಳುವುದಕ್ಕೂ ಆ ಜನ ಹೋಗುವ ಮಾತನ್ನೇ ಇಟ್ಟುಕೊಂಡಿದ್ದಾರೆ.

“ಎಲ್ಲಿಗೆ ಹೋಗ್ಲಿ ಸಾರ್, ಪರವಾನಗಿ ನಿಮ್ಮ ಹತ್ರಾನೇ ಇದೆಯಲ್ಲ.”

“ಉತ್ತರ ಸಮಾಧಾನಕರ,” ಎಂದು ಬರೆದುಕೊಂಡರು.

‘ನಾನು’ ಅಂತ ಅಜ್ಜಿ ಬಾಗಿಲವರೆಗೆ ಹೋಗಿ ಬಂದರು. ‘ನೀನು’ ಅಂದಾಗ ಜವಾನ ಹೋದ. ‘ಅವನು’ ಅಂತ ಬೆರಳು ತೋರಿಸಿದ್ದಕ್ಕೆ ಗುಮಾಸ್ತ ಊಟದ ಡಬ್ಬಿ ಸಮೇತ ಹೋದ. ‘ನಾವು’ ಅಂತ ಟೈಪಿಸ್ಟಮ್ಮನ ಜೊತೆ ಮೆಟ್ಟಿಲಿಗೆ ಹೋದಾಗ, ಆಕೆ ಹಾಗೇ ಇಳಿದು ನಡೆದರು. ಮರ್ಯಾದೆಯ ‘ನೀವು’ ಅಂದಾಗ ಸಾಹೇಬರೇ ಛತ್ರಿ ಹಿಡಿದು ಹೊರಟರು. ‘ಅವರು’ ಅಂದದ್ದೇ ತಡ, ಹೊರಗಿನ ಸಾಲು ಪೂರ್ತಿ ಕರಗಿತು.

ಹೋದವರನ್ನು ವಾಪಸು ಕರೆಸಲು ‘ಬಾ’ ಎಂಬ ಕ್ರಿಯಾಪದ ಬೇಕು. ಆ ಕಚೇರಿಗೆ ಅದು ಮಂಜೂರಾಗಿರಲಿಲ್ಲ. ಅಜ್ಜಿ ಮುಖ್ಯ ಕಚೇರಿಗೆ ಫೋನು ಮಾಡಿದರು.

“ಎಲ್ಲರೂ ಹೋದರಾ? ಹಾಗಾದ್ರೆ ನೀವು ಪಾಸಮ್ಮ. ಕುರ್ಚಿ ಖಾಲಿ ಬಿಡಬೇಡಿ, ನೀವೇ ಕೂತ್ಕೊಳ್ಳಿ.”

“ನನ್ನ ಪರವಾನಗಿ?”

“ಕುರ್ಚೀಲಿ ಕೂತೋರು ಊರು ಬಿಡೋ ಹಾಗಿಲ್ಲ.”

ಅಜ್ಜಿ ಕೂತರು. ದಿನಾ ಜನ ಬಂದರು, ಹೇಳಿದರು, ಹೋಗಿ ತೋರಿಸಿದರು. ಮೊಹರು ಬಿತ್ತು. ಆರು ತಿಂಗಳಿಗೆ, ಅಮ್ಮ ಬರಲಿಲ್ಲವೆಂದು ಮಗಳೇ ಕೂಸನ್ನೆತ್ತಿಕೊಂಡು ಬಂದಳು. ವಾರ ಇದ್ದಳು. ಹಿಂದಿರುಗಲು ಅವಳಿಗೂ ಪರವಾನಗಿ ಬೇಕಲ್ಲ, ಸಾಲಿನಲ್ಲಿ ನಿಂತಳು.

“ಅಮ್ಮಾ, ಬೇಗ ಒಂದು ಮೊಹರು ಒತ್ತು. ನಿನ್ನ ಅಳಿಯ ಕಾಯ್ತಿದಾರೆ.”

“ಇಲ್ಲಿ ಅಮ್ಮ ಯಾರೂ ಇಲ್ಲ. ಹೇಳು.”

ಮಗಳು ಆರನ್ನೂ ನೀರು ಕುಡಿದ ಹಾಗೆ ಹೇಳಿದಳು, ಹೋಗಿಯೂ ತೋರಿಸಿದಳು. ಅಜ್ಜಿ ಮೊಹರು ಒತ್ತಿ, ಕನ್ನಡಕ ಏರಿಸಿ ಕೂಸಿನ ಕಡೆ ನೋಡಿದರು.

“ಇವಳದು?”

“ಅದಕ್ಕಿನ್ನೂ ಏಳು ತಿಂಗಳಮ್ಮ. ಅಂಬೆಗಾಲೂ ಇಡಲ್ಲ.”

“ಹೋಗಿ ತೋರಿಸತಕ್ಕದ್ದು ಅಂತಿದೆ ಕಣೇ. ಎತ್ತಿಕೊಂಡು ಹೋದ್ರೆ ನೀನು ಹೋದ ಹಾಗಾಯ್ತು, ಅವಳಲ್ಲ. ನಡೆಯೋದು ಕಲೀಲಿ, ಆಮೇಲೆ ಮಾತು. ವರ್ಷ ಆಗುತ್ತೋ ಏನೋ.”

ಸಾಲಿನಲ್ಲಿದ್ದವರು, ಸರಿ ತಾನೆ, ಕೂಸಿಗೊಂದು ದೊಡ್ಡವರಿಗೊಂದು ಆದೀತೆ ಎಂದು ತಲೆದೂಗಿದರು. ಮಗಳು ಗಂಡನಿಗೆ ಫೋನು ಮಾಡಿದಳು. ನಿಯಮ ಅಂದಮೇಲೆ ಏನು ಮಾಡೋದು ಅಂತ ಅವನೂ ಅಂದ.

ಅಜ್ಜಿ ಕಿಟಕಿಯಿಂದ ಕೈಚಾಚಿ ಕೂಸನ್ನು ಮಡಿಲಿಗೆ ಹಾಕಿಕೊಂಡು, ಮುಂದಿನವರನ್ನು ಕರೆದರು.