ಅಂಗಡಿಗೆ ಬಿದ್ದ ಬೀಗ

“ಚರಂಡಿ ಸರಿಮಾಡೋವರೆಗೂ ಒಂದು ಪೈಸೆ ತೆರಿಗೆ ಕಟ್ಬೇಡ ಕಣಯ್ಯ” ಎಂದು ಪಕ್ಕದ ಕ್ಷೌರದಂಗಡಿಯವನು ಕತ್ತರಿ ಝಳಪಿಸಿ ಹೇಳಿದ್ದೇ ಟೈಲರಣ್ಣನ ಗ್ರಹಚಾರಕ್ಕೆ ಮೂಲ. ಬೆಳಿಗ್ಗೆ ಬಂದು ನೋಡಿದರೆ ಅಂಗಡಿಗೆ ಪುರಸಭೆಯ ಬೀಗ. ಅದರ ಮೇಲೆ ಅರಗಿನ ಮುದ್ರೆ, ಹಣೆಯ ಮೇಲೆದ್ದ ಬುಗುಟಿನ ಹಾಗೆ. ಒಳಗೆ ಶಾಲೆಯ ಸಮವಸ್ತ್ರಗಳ ರಾಶಿ. ಸಂಜೆಯೊಳಗೆ ಗುಂಡಿ ಹಾಕಿ ಕೊಡದಿದ್ದರೆ ಆ ಶಾಲೆಯ ಕೆಲಸವೇ ಕೈತಪ್ಪುತ್ತಿತ್ತು.

“ನಿನ್ನಂಗಡಿಗೆ ಯಾಕೆ ಬೀಗ ಬಿದ್ದಿಲ್ಲ?”

“ನಾನು ಹೋದ ತಿಂಗಳೇ ಕಟ್ಬಿಟ್ಟೆ. ಹೋರಾಟ ಅಂದ್ಮೇಲೆ ಹೊರಗಡೇನೂ ಒಬ್ಬ ಇರ್ಬೇಕಲ್ವಾ” ಎಂದ ಅವನು, ಕನ್ನಡಿ ಒರೆಸುತ್ತ.

ಟೈಲರಣ್ಣ ಹೆಂಡತಿಯಿಂದ ಹೊಟ್ಟೆತುಂಬ ಬೈಸಿಕೊಂಡು, ಅವಳು ಕೂಡಿಟ್ಟಿದ್ದ ಹಣ ಹಿಡಿದು ಪುರಸಭೆಗೆ ಓಡಿದ. ಗುಮಾಸ್ತ ತೆರಿಗೆಯ ಜೊತೆ ದಂಡ ಸೇರಿಸಿದ, ದಂಡದ ಜೊತೆ ಚರಂಡಿ ಶುಲ್ಕ ಸೇರಿಸಿದ.

“ಚರಂಡಿ ಎಲ್ಲಿದೆ ಸ್ವಾಮಿ? ಕೊಳಚೆ ಎಲ್ಲಾ ನನ್ನ ಬಾಗಿಲ ಮುಂದೇನೇ ಹರೀತಿದೆ.”

“ಹರೀತಿದೆ ತಾನೆ? ಕಟ್ಟಿ.”

ಕಟ್ಟಿದ. ಬೀಗದ ಕೀಲಿ ಸಾಹೇಬರ ಬೀರುವಿನಲ್ಲಿತ್ತು. ಸಾಹೇಬರು ಊಟಕ್ಕೆ ಹೊರಟಿದ್ದರು, ಹಿಂದೆಯೇ ಇಡೀ ಕಚೇರಿ ಹೊರಟಿತು. ಉಂಡು ಬಂದು ನೋಡಿದರೆ ಕಚೇರಿಗೇ ಬೀಗ. ಕಟ್ಟಡದ ಮಾಲೀಕ ಜಡಿದುಹೋಗಿದ್ದ.

“ಏನೋ ಒಂದಷ್ಟು ವರ್ಷ ಬಾಡಿಗೆ ಬಾಕಿ ಇದೆ ಅಂತ ದುಡಿಯೋ ಜಾಗಕ್ಕೇ ಬೀಗ ಹಾಕೋದೇನ್ರೀ? ಮನುಷ್ಯತ್ವ ಬೇಡ್ವಾ?” ಎಂದರು ಸಾಹೇಬರು, ಗದ್ಗದಿತರಾಗಿ.

“ನನಗೂ ಬೆಳಿಗ್ಗೆಯಿಂದ ಅದೇ ಅನ್ನಿಸ್ತಿದೆ ಸಾರ್.”

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. “ನಿಮ್ಮದೀಗ ಬಾಕಿ ಇಲ್ಲದ ಜಾಗ. ನಡೀರಿ, ತೆಗೆಸಿಕೊಡ್ತೀನಿ.”

ಜವಾನ ಕಲ್ಲಿನಿಂದ ಬೀಗ ಒಡೆದ. ಟೈಲರಣ್ಣ ಕೈಮುಗಿಯುವಷ್ಟರಲ್ಲಿ ಅವನ ಹೊಲಿಗೆ ಮಷಿನ್ನು ಹೊರಗೆ ಬಂತು, ಸಮವಸ್ತ್ರಗಳೂ ಬಂದವು. ಕ್ಷೌರದಂಗಡಿಯ ಕುರ್ಚಿಗಳು ಒಳಗೆ ಹೋದವು. ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ಸಾಹೇಬರು ಕೂತರು. ಪುರಸಭೆ ತಾತ್ಕಾಲಿಕವಾಗಿ ಸ್ಥಳಾಂತರಗೊಂಡಿತ್ತು.

“ಸಾರ್, ಬಾಡಿಗೆ...”

“ಅರ್ಜಿ ಕೊಡಿ, ನೋಡೋಣ.”

ಇರಲಿ, ಮೊದಲು ಗುಂಡಿ ಮುಗಿಯಲಿ ಎಂದು ಹಲ್ಲು ಕಚ್ಚಿಕೊಂಡು ಟೈಲರಣ್ಣ ಕೊಳಚೆಯ ಪಕ್ಕದಲ್ಲೇ ಕೂತು ಸೂಜಿಗೆ ದಾರ ಪೋಣಿಸಿದ. ಕಿಟಕಿಯಿಂದ ಸಾಹೇಬರ ತಲೆ ಹೊರಬಂತು.

“ಏನ್ರೀ, ರಸ್ತೇಲಿ ಕೂತು ದಂಧೆ ಮಾಡೋಕೆ ಲೈಸೆನ್ಸ್ ಇದೆಯಾ?”

ಮಷಿನ್ನೂ ಸಮವಸ್ತ್ರಗಳೂ ಜಪ್ತಿಯಾಗಿ ಮತ್ತೆ ಅದೇ ಅಂಗಡಿಯೊಳಗೆ ಹೋದವು. ಐದು ಹೊಡೆಯುತ್ತಲೇ ಸಾಹೇಬರು ಬಾಗಿಲೆಳೆದು, ಹೊಸ ಬೀಗ ಜಡಿದು, ಮನೆಗೆ ಹೊರಟರು.