ಮಾವನ ಸೋರೆಬುರುಡೆ

ನಮ್ಮ ಸೋದರಮಾವನ ಜೊತೆ ಊರೂರು ತಿರುಗಿಯೂ ನಾನು ಒದೆ ತಿನ್ನದೆ ಉಳಿದಿದ್ದೇನೆಂದರೆ ಅದು ಮನೆದೇವರ ಕೃಪೆಯೇ ಸರಿ! ಹೊಸ ಊರಿಗೆ ಕಾಲಿಟ್ಟವರು ಒಳ್ಳೆಯ ಹೋಟೆಲು ಯಾವುದು ಎಂದು ಕೇಳುತ್ತಾರಲ್ಲವೇ? ಮಾವ ಕೇಳುವುದು, "ಸ್ವಾಮಿ, ಇಲ್ಲಿ ಈಜುಕೊಳ ಎಲ್ಲದೆ?" ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಈಜುಕೊಳದ ಬಾಗಿಲಿಗೆ ಹೋಗಿ ಮೀಸೆ ನೀವಿಕೊಂಡು ಇನ್ನೊಂದು ಪ್ರಶ್ನೆ: "ಹೆಂಗಸ್ರು ಯಾವೊತ್ತಿಗೆ ಇಳೀತಾರೆ?" ಕಾವಲುಗಾರ ಇವರನ್ನು ಮೇಲಿಂದ ಕೆಳಗೆ ನೋಡದೆ ಇನ್ನೇನು ಮಾಡಿಯಾನು?

ಪಾಪ, ಮಾವನ ತಲೆಯಲ್ಲಿದ್ದದ್ದು ಒಬ್ಬಳೇ ಹೆಂಗಸು. ಅವರ ತಂಗಿ, ಅಂದರೆ ನನ್ನ ಅವ್ವ. ಇಬ್ಬರೂ ಹುಟ್ಟಿದ್ದು ಪಾಂಡವಪುರದ ಕಡೆ, ನಾಲೆ ಪಕ್ಕದ ಊರಿನಲ್ಲಿ. ಅಲ್ಲಿ ಗಂಡುಹುಡುಗರೆಲ್ಲ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ನಾಲೆಗೆ ಧುಮುಕಿ ಈಜು ಕಲಿಯುವವರು. ಅವ್ವನಿಗೆ ಸಿಕ್ಕಿದ್ದು ಮಾತ್ರ ದಡದಲ್ಲಿ ಕೂತು ಅಣ್ಣನ ಬಟ್ಟೆ ಕಾಯುವ ಕೆಲಸ! "ನಂಗೂ ಕಲಿಸಣ್ಣಾ" ಎಂದು ಗೋಗರೆದಳಂತೆ. ಮಾವ ತನ್ನ ಬುರುಡೆಯನ್ನೇ ಬಿಚ್ಚಿ ಅವಳ ಬೆನ್ನಿಗೆ ಕಟ್ಟಿ ಇನ್ನೇನು ನೀರಿಗಿಳಿಸಬೇಕು, ಅಜ್ಜಿ ಹುಣಸೆ ಬರಲು ಹಿಡಿದು ಬಂದುಬಿಟ್ಟರು. "ಎಣ್ಣೈಕ್ಳು ನಾಲೆಗಿಳೀತಾರೇನ್ಲಾ, ಬುದ್ಧಿಗೆಟ್ಟೋನೇ!" ಏಟು ಇಬ್ಬರಿಗೂ ಬಿತ್ತು. ಅಂದು ಮಾವ ತಂಗಿಗೆ ಮಾತು ಕೊಟ್ಟರು, ಯಾವತ್ತಾದರೂ ನಿನ್ನನ್ನು ನೀರಿಗಿಳಿಸಿಯೇ ತೀರುತ್ತೇನೆ ಎಂದು. ಅವ್ವ ಮದುವೆಯಾಗಿ ಕೆ.ಆರ್. ಪೇಟೆ ಸೇರಿದಳು, ಅವಳ ಕೂದಲೂ ನರೆಯಿತು. ಮಾವ ಮಾತ್ರ ಆ ಮಾತನ್ನು ಬಿಡಲಿಲ್ಲ, ಬುರುಡೆಯನ್ನೂ ಬಿಡಲಿಲ್ಲ!

ಹೌದು, ಎಲ್ಲಿಗೆ ಹೊರಟರೂ ಚೀಲದಲ್ಲಿ ಬುರುಡೆ ಇರಲೇಬೇಕು. "ಏನ್ ಯಜಮಾನ್ರೇ, ತಂಬೂರಿನಾ?" ಎಂದು ಕಂಡಕ್ಟರು ಕೇಳಿದರೆ, "ಅಲ್ಲ ಕಣಪ್ಪ, ನಮ್ ತಂಗಿ ಈಜು ಕಲೀಬೇಕು" ಎನ್ನುವರು. ಪಕ್ಕದಲ್ಲಿ ಕೂತ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಳು.

ನಾಗಮಂಗಲಕ್ಕೆ ನಮ್ಮಕ್ಕನಿಗೆ ಗಂಡು ನೋಡಲು ಹೋದಾಗ ಏನಾಯಿತು ಗೊತ್ತೇ? ಹುಡುಗನ ಕೆಲಸ ವಿಚಾರಿಸಿ ಎಂದರೆ ಇವರು ವಿಚಾರಿಸಿದ್ದು ತೋಟದ ಪಂಪ್‌ಸೆಟ್ಟಿನ ತೊಟ್ಟಿಯನ್ನು. "ಎಷ್ಟು ಆಳ?" "ಎದೆಮಟ್ಟ." "ಸುತ್ತ ಮರೆ ಅದಾ?" "ಇಲ್ಲ." "ಅಂಗಾರೆ ಬ್ಯಾಡ ಬುಡಿ!" ಎಂದು ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟೇಬಿಟ್ಟರು. ಬೇಡವೆಂದದ್ದು ಸಂಬಂಧವನ್ನೇ ಎಂದುಕೊಂಡು ಗಂಡಿನ ತಾಯಿ ಕಣ್ಣೀರು ಹಾಕಿದರು. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಉಪ್ಪಿಟ್ಟು ಆರಿ ತಣ್ಣಗಾಗಿತ್ತು.

ಇನ್ನು ಮೈಸೂರಿನ ಈಜುಕೊಳ. ನೀರಿಗಿಳಿಯುವ ಮೊದಲು ಸ್ನಾನ ಮಾಡಬೇಕು ಎಂದ ಅಲ್ಲಿಯವನು. "ಮೀಯಕ್ಕೆ ಓಗೋಕೂ ಮಿಂದು ಓಗ್ಬೇಕೇನಯ್ಯಾ?" ಎಂದು ಗೊಣಗುತ್ತಾ ಮಾವ ಮಿಂದರು. ಆಮೇಲೆ ನಾಲೆಯ ರೂಢಿಯಂತೆ ಒಂದು ಬೊಗಸೆ ನೀರು ಎತ್ತಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. "ಥೂ! ಆಸ್ಪತ್ರೆ ವಾಸ್ನೆ!" ಆಮೇಲೆ ಗದ್ದೆಯ ಚಿಂತೆ: "ಈ ನೀರು ಯಾವ ಬಯಲಿಗೆ ಓಯ್ತದೆ?" ಎಲ್ಲಿಗೂ ಹೋಗುವುದಿಲ್ಲ ಎಂದನವನು. "ಇಷ್ಟು ನೀರು ಕಟ್ಕಂಡು ಒಂದು ಪೈರೂ ಬೆಳೆಯಾಕಿಲ್ವಾ!" ಮಾವ ಹೌಹಾರಿದರು. ಅದಿರಲಿ, ಹೆಂಗಸರಿಗೆ ಬೇರೆ ಹೊತ್ತಿದ್ದರೂ ಈಜುಡುಗೆ ಕಡ್ಡಾಯವಂತೆ. ಗೋಡೆಯ ಮೇಲಿನ ಚಿತ್ರ ನೋಡಿದ ಅವ್ವ, "ನಾನು ಸತ್ರೂ ಬರಾಕಿಲ್ಲ ಓಗಣ್ಣ!" ಎಂದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಮುಂದಿನ ಬೇಸಿಗೆಯಲ್ಲಿ ಸೀರೆ ಕೊಡಿಸುತ್ತೇನೆಂದು ಸುಳ್ಳು ಹೇಳಿ ಮಾವ ಅವ್ವನನ್ನೂ ನನ್ನನ್ನೂ ಹೊರಡಿಸಿದರು. ಶ್ರೀರಂಗಪಟ್ಟಣದಲ್ಲಿ ಬಸ್ಸಿಳಿದು ಹತ್ತಿದ ಆಟೋ ಹೋಗಿ ನಿಂತದ್ದು ಹೊಸದಾಗಿ ತೆರೆದಿದ್ದ ನೀರಾಟದ ಪಾರ್ಕಿನ ಮುಂದೆ! ಒಳಗೆ ಆಕಾಶದೆತ್ತರದ ನೀಲಿ ಜಾರುಬಂಡೆ. ಚೂಡಿದಾರ ತೊಟ್ಟ ಹೆಂಗಸರು ಕಿರುಚುತ್ತಾ ಜಾರಿ ಬಂದು ನೀರಿಗೆ ಬೀಳುತ್ತಿದ್ದರು.

"ಮೊಮ್ಮಕ್ಕಳಾಗೋ ವಯಸ್ನಲ್ಲಿ ಇದೇನಣ್ಣಾ? ಯಾರಾದ್ರೂ ನೋಡಿದ್ರೆ?"

"ನೋಡ್ಲಿ ಬುಡು. ನಮ್ಮವ್ವ ಓಗಿ ಎಷ್ಟು ಕಾಲ ಆಯ್ತು! ಬರಲು ಇಡ್ಕಂಡು ಬರೋರು ಯಾರವರೆ ಈಗ?"

ಅವ್ವನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಜಗಳ ಎಲ್ಲಿಯದು? ಬಾಗಿಲಲ್ಲೇ ಬಾಡಿಗೆಗೆ ಸಿಗುತ್ತಿದ್ದ ಚೂಡಿದಾರ ತೊಟ್ಟು, ನಾಚಿ ಮುದುಡಿಕೊಂಡು ಮೆಟ್ಟಿಲು ಹತ್ತಿದಳು. ಹತ್ತಿ, ತುದಿಯಲ್ಲಿ ಕಂಬ ತಬ್ಬಿ ನಿಂತುಬಿಟ್ಟಳು.

"ಭಯ ಆಯ್ತದೆ! ನೀನೂ ಬಾರಣ್ಣಾ!"

ನೀರು ಕಂಡರೆ ಪಂಚೆ ಬಿಚ್ಚಿ ಹಾರುವ ಮಾವ ಅಂದು ಅಲ್ಲಾಡಲಿಲ್ಲ. ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ತೊಡೆಯ ಮೇಲೆ ಅವ್ವನ ಸೀರೆ, ಸೀರೆಯ ಮೇಲೆ ಬುರುಡೆ, ಪಕ್ಕದಲ್ಲಿ ಅವಳ ಚಪ್ಪಲಿ.

"ನಾನೆಂಗವ್ವಾ ಬರಾದು? ಬಟ್ಟೆ ಕಾಯೋರು ಬ್ಯಾಡ್ವಾ? ನೀನು ಓಗು!"

ಅವ್ವ ಕಣ್ಣು ಮುಚ್ಚಿದಳು, ಕಂಬ ಬಿಟ್ಟಳು. ಪಾರ್ಕಿಗೆಲ್ಲ ಕೇಳುವಂತೆ ಕೂಗುತ್ತಾ ಬಂದು ಧೊಪ್ಪೆಂದು ಬಿದ್ದು, ಮುಳುಗಿ, ಎದ್ದಳು. ತುರುಬು ಬಿಚ್ಚಿಹೋಗಿತ್ತು, ಮೂಗಿಗೆ ನೀರು ನುಗ್ಗಿತ್ತು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲೇ ಇಲ್ಲ. ನನಗೆ ಅಳು ಬಂದುಬಿಟ್ಟಿತು.

"ಅಣ್ಣಾ, ಇನ್ನೊಂದ್ಸಲ ಓಗಿ ಬರ್ಲಾ?"

"ಓಗವ್ವಾ, ಓಗು" ಎಂದರು ಮಾವ, ಸೀರೆಯನ್ನು ಎದೆಗವಚಿಕೊಂಡು. "ಒತ್ತು ಮುಳುಗೋ ಗಂಟ ಆಡು. ನಾನಿಲ್ಲೇ ಕೂತಿರ್ತೀನಿ."